ಅಮ್ಮನ ಹಣ್ಣು, ಬೇರಪ್ಪನ ಬೂಷ್ಟು

"ಏಯ್! ಯಾರದು? ಬಿಡು ಅದನ್ನ!"

ಗಿಡ ಬೆಳೆಸುವ ಗಾಜಿನ ಮನೆಯ ಬಾಗಿಲಲ್ಲಿ ನಿಂತು ಅವಳು ಕೂಗಿದ ಕೂಗಿಗೆ ಒಳಗಿದ್ದ ಗಂಡಸು ಬೆಚ್ಚಿಬಿದ್ದ. ಆದರೂ ಕೈಯಲ್ಲಿದ್ದುದನ್ನು ಬಿಡಲಿಲ್ಲ.

ಕೈಯಲ್ಲಿದ್ದುದು ಟೊಮ್ಯಾಟೊ ಸಸಿ. ಬೇರುಸಮೇತ ಕಿತ್ತ ಸಸಿ! ಅವನು ಮೊಣಕಾಲೂರಿ ಕುಳಿತು, ಅದರ ಬೇರನ್ನು ಮೂಗಿನ ಹತ್ತಿರ ಹಿಡಿದು... ಮೂಸುತ್ತಿದ್ದ!

ಅವಳ ಜೀವ ಬಾಯಿಗೆ ಬಂತು. ಇರುವುದೇ ಬೆರಳೆಣಿಕೆಯಷ್ಟು ಸಸಿ. ಅದರಲ್ಲೊಂದನ್ನು ಈ ಪುಣ್ಯಾತ್ಮ ಕಿತ್ತು ಮೂಸಿ ನೋಡುತ್ತಿದ್ದಾನಲ್ಲ! ಹಿಂದೆ ಮುಂದೆ ಯೋಚಿಸದೆ ಗೋಡೆಗೆ ಸುತ್ತಿಟ್ಟಿದ್ದ ನೀರಿನ ಪೈಪು ಎಳೆದಳು, ನಲ್ಲಿ ತಿರುಗಿಸಿದಳು, ನೇರ ಅವನ ಮುಖಕ್ಕೇ ಬಿಟ್ಟಳು.

"ಅಯ್ಯಯ್ಯೋ, ನಿಲ್ಸಿ! ಸಸಿಗಳಿಗೆ ನೀರು ಜಾಸ್ತಿ ಆಗುತ್ತೆ!"

ಅವಳ ಕೈ ಒಂದು ಕ್ಷಣ ತಡೆಯಿತು. ತಲೆಯಿಂದ ನೀರು ಸುರಿಯುತ್ತಿದೆ, ಕನ್ನಡಕ ಮೂಗಿನಿಂದ ಜಾರಿ ತುಟಿಯ ಮೇಲೆ ಕೂತಿದೆ, ಇವನಿಗೆ ಸಸಿಗಳ ಚಿಂತೆ! 'ಇವನು ಕಳ್ಳನೋ, ಹುಚ್ಚನೋ?'

"ಸಿಡುಕೀ! ಆ ನಲ್ಲಿ ನಿಲ್ಸೇ ತಾಯಿ! ಅವರನ್ನ ಕರೆಸಿದ್ದು ನಾನು ಕಣೇ!"

ಅಡುಗೆಮನೆಯ ಬಾಗಿಲಿಂದ ಅಮ್ಮ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ ಬಂದಳು.

ಸಿಡುಕಿ ಎಂದು ಮಗಳಿಗೆ ಹೆಸರಿಟ್ಟವಳು ಈ ಅಮ್ಮನೇ. ಹುಡುಗಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಪಾಪ, ಅವರಿಗೇನು ಗೊತ್ತು! ಹೆದರಿಕೆಯಾದಾಗೆಲ್ಲ ಅವಳು ಸಿಡುಕುತ್ತಿದ್ದಳು. ಮತ್ತು ಈಚೆಗೆ ಅವಳಿಗೆ ಹೆದರಿಕೆ ಆಗದ ಗಳಿಗೆಯೇ ಇರಲಿಲ್ಲ.

"ಇವರು ಗಿಡದ ರೋಗ ನೋಡೋ ಕಚೇರಿಯವರು," ಎಂದಳು ಅಮ್ಮ ಏದುಸಿರು ಬಿಡುತ್ತ. "ಆ ಸಸಿ ಪೀಚಲು ಕಣೇ, ಹೇಗೂ ಬದುಕ್ತಿರ್ಲಿಲ್ಲ. ನಾನೇ ಕಿತ್ಕೊಳ್ಳಿ ಅಂದೆ."

"ಕೇಳ್ಬಾರ್ದಿತ್ತಾ ನನ್ನ?"

"ಕೇಳಿದ್ರೆ ಕೊಡ್ತಿದ್ಯಾ?"

ಅವಳು ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು. ಅವನು ಒದ್ದೆ ಕನ್ನಡಕವನ್ನು ಒದ್ದೆ ಅಂಗಿಗೇ ಒರೆಸಿ, ಮತ್ತೆ ಹಾಕಿಕೊಂಡು, ಏನೂ ಕಾಣದೆ ಕಣ್ಣು ಕಿರಿದು ಮಾಡಿ ಅವಳತ್ತ ನೋಡಿದ.

"ತಪ್ಪಾಯ್ತು," ಎಂದ ಮೆಲ್ಲಗೆ. "ಆದ್ರೆ ಬೇರು ಒಳ್ಳೇದಿದೆ. ಮಣ್ಣಿನ ಒಳ್ಳೇ ವಾಸನೆ ಬರ್ತಿದೆ."

ಅವಳ ಎದೆ ಯಾಕೋ ಇನ್ನೂ ಡವಡವ ಎನ್ನುತ್ತಲೇ ಇತ್ತು. 'ಸಸಿ ಹೋಯ್ತಲ್ಲ, ಅದಕ್ಕೇ,' ಎಂದುಕೊಂಡಳು. ನಾವೂ ಸದ್ಯಕ್ಕೆ ಹಾಗೇ ಅಂದುಕೊಳ್ಳೋಣ.

ಆ ಸಸಿಗಳಿಗೆ ಅಷ್ಟೊಂದು ಬೆಲೆ ಯಾಕೆ ಎನ್ನುತ್ತೀರಾ? ಅದು ಅಮ್ಮನ ಹಣ್ಣು. ಹೂವಿನಿಂದ ಹೂವಿಗೆ ಸಣ್ಣ ಕುಂಚದಲ್ಲಿ ಪರಾಗ ಮುಟ್ಟಿಸಿ, ಆರಿಸಿ, ಮತ್ತೆ ಬಿತ್ತಿ, ಮತ್ತೆ ಆರಿಸಿ, ಅಮ್ಮ ತನ್ನ ವಯಸ್ಸನ್ನೆಲ್ಲ ಸುರಿದು ಮಾಡಿದ ತಳಿ. ತೆಳು ಸಿಪ್ಪೆ, ಜೇನಿನ ಬಣ್ಣ, ಬಾಯಲ್ಲಿಟ್ಟರೆ ಹುಳಿಯೂ ಸಿಹಿಯೂ ಒಟ್ಟಿಗೇ ಬರುವ ಹಣ್ಣು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಈಗ ಅಮ್ಮನ ಬೆರಳು ನಡುಗುತ್ತವೆ, ಕುಂಚ ಹಿಡಿಯಲಾಗುವುದಿಲ್ಲ. ಇನ್ನೊಮ್ಮೆ ಮಾಡುವ ಮಾತೇ ಇಲ್ಲ.

ಆ ತಳಿಯ ಬೀಜವನ್ನೆಲ್ಲ ಹಾಳು ಮಾಡಿದವಳು ಸಿಡುಕಿ!

ಬೀಜ ಪೂರ್ತಿ ಒಣಗುವ ಮೊದಲೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದಿದ್ದಳು. ತೆಗೆದು ನೋಡಿದಾಗ ಒಳಗೆ ಬರೀ ಬೂಷ್ಟು. ಬೂದಿ ಬಣ್ಣದ, ಹತ್ತಿಯಂಥ ಬೂಷ್ಟು. ತಳದಲ್ಲಿ ಉಳಿದ ಒಂದು ಚಿಟಿಕೆ ಬೀಜದಿಂದ ಹುಟ್ಟಿದವೇ ಈ ಸಸಿಗಳು. ಇವು ಹಣ್ಣು ಬಿಟ್ಟರೆ ತಳಿ ಉಳಿಯಿತು. ಇಲ್ಲದಿದ್ದರೆ ಅಮ್ಮನ ಜೀವಮಾನದ ಕೆಲಸ ಮಗಳ ಕೈಯಲ್ಲೇ ಮುಗಿಯಿತು.

ಅಮ್ಮ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಸಿಡುಕಿಗೆ ಎಷ್ಟೋ ಸಲ ಅನಿಸಿತ್ತು.

* * *

ಅಡುಗೆಮನೆಯಲ್ಲಿ ಅಮ್ಮ ಕೊಟ್ಟ ಟವೆಲ್ಲು ಹೊದ್ದು, ಬಿಸಿ ಟೀ ಕುಡಿಯುತ್ತ ಅವನು ವಿಷಯಕ್ಕೆ ಬಂದ. ಗೋಡೆಯಾಚೆ ಪಕ್ಕದವರ ಗಾಜಿನ ಮನೆಯಲ್ಲಿ ಸೊರಗು ರೋಗ ಕಾಣಿಸಿಕೊಂಡಿದೆ. ಮಣ್ಣಿನಲ್ಲೇ ಇದ್ದು ಬೇರಿನಿಂದ ಒಳಗೆ ನುಗ್ಗುವ ರೋಗ. ಒಂದು ಪಕ್ಕದ ಎಲೆ ಮೊದಲು ಹಳದಿಯಾಗುತ್ತದೆ, ಆಮೇಲೆ ಮಧ್ಯಾಹ್ನ ಗಿಡ ತಲೆ ಬಾಗಿಸುತ್ತದೆ, ಒಂದು ದಿನ ಮತ್ತೆ ಏಳುವುದೇ ಇಲ್ಲ.

"ಔಷಧಿ?" ಎಂದಳು ಸಿಡುಕಿ.

"ಒಳಗೆ ಹೊಕ್ಕ ಮೇಲೆ ಏನು ಸುರಿದ್ರೂ ಅಷ್ಟಕ್ಕಷ್ಟೆ. ಅದಕ್ಕೇ ಮೊದಲೇ ಬೇರಿಗೆ ಒಂದು ಕಾವಲು ಕೊಡೋಣ ಅಂತ. ಬೇರಿನ ಜೊತೆ ಬದುಕೋ ಶಿಲೀಂಧ್ರ..."

"ಅಂದ್ರೆ?"

"ಅಂದ್ರೆ... ಒಂಥರಾ ಬೂಷ್ಟು."

ಸಿಡುಕಿ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು.

"ಬೂಷ್ಟಾ! ನಮ್ಮ ಮನೆಗೆ ಬಂದು, ನನ್ನೆದುರು ಕೂತು, ಆ ಗಿಡಗಳಿಗೆ ಬೂಷ್ಟು ಹಾಕ್ತೀನಿ ಅಂತೀರಾ?"

"ಎಲ್ಲಾ ಬೂಷ್ಟೂ ಒಂದೇ ಅಲ್ಲ," ಎಂದ ಅವನು ತಡವರಿಸುತ್ತ. "ಇದು ಬೇರಿನ ಒಳಗೇ ಮನೆ ಮಾಡ್ಕೊಂಡಿರುತ್ತೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತೆ. ಅದು ದೂರದಿಂದ ಮಣ್ಣಿನ ಸತ್ವ ಎಳೆದು ಗಿಡಕ್ಕೆ ಕೊಡುತ್ತೆ. ಕೆಟ್ಟ ರೋಗಕ್ಕೆ ಕೂರೋಕೆ ಜಾಗ ಬಿಡಲ್ಲ. ಗಿಡದ ಮೈಯನ್ನೂ ಎಚ್ಚರವಾಗಿ ಇಡುತ್ತೆ. ಎಲೆ ತಿನ್ನೋ ಹುಳ ಬಂದ್ರೂ ಗಿಡ ಬೇಗ ಎದುರು ನಿಲ್ಲುತ್ತೆ... ಇರಬಹುದು."

"ಇರಬಹುದಾ?"

"ಎಷ್ಟೋ ಕಡೆ ಆಗಿದೆ. ಇಲ್ಲೂ ಆಗಬಹುದು."

'ಬಹುದಂತೆ!' ಸಿಡುಕಿಗೆ ಮೈಯೆಲ್ಲ ಉರಿಯಿತು.

"ಅಂದ್ರೆ ಆ ಬೂಷ್ಟು ಬಾಡಿಗೆ ಸರಿಯಾಗಿ ಕೊಡೋ ಬಾಡಿಗೆದಾರ ಅನ್ನು," ಎಂದಳು ಅಮ್ಮ ನಗುತ್ತ. "ಇರಲಿ ಬಿಡೇ. ನೋಡೋಣ. ನೀವು ತನ್ನಿ ಬೇರಪ್ಪ."

ಅವನ ನಿಜವಾದ ಹೆಸರು ಬೇರೆ ಏನೋ ಇತ್ತು. ಅಮ್ಮ ಬೇರಪ್ಪ ಎಂದ ಮೇಲೆ ಅದನ್ನು ಯಾರು ಕೇಳುತ್ತಾರೆ!

* * *

ಸಸಿಗಳನ್ನು ಮರದ ಉದ್ದನೆಯ ತೊಟ್ಟಿಗೆ ನೆಡುವ ದಿನ ಅಮ್ಮ ಸಿಡುಕಿಯನ್ನು ಹಗ್ಗ, ಕೋಲು ತರಲು ಅಂಗಡಿಗೆ ಕಳಿಸಿದ್ದಳು. ಅವಳು ಬರುವ ಹೊತ್ತಿಗೆ ಬೇರಪ್ಪ ಕೆಲಸ ಮುಗಿಸಿದ್ದ. ಜೋಳದ ಬೇರಿನಲ್ಲಿ ಬೆಳೆಸಿದ ಆ ಶಿಲೀಂಧ್ರವನ್ನು, ಬೇರು ಮರಳು ಸಮೇತ ಕತ್ತರಿಸಿ, ಸಸಿಯ ಬುಡಕ್ಕೆ ಒಂದೊಂದು ಹಿಡಿ ಹಾಕಿ ನೆಟ್ಟಾಗಿತ್ತು. ಕಣ್ಣಾರೆ ನೋಡುವುದು ತಪ್ಪಿತಲ್ಲ ಎಂದು ಅವಳಿಗೆ ಒಳಗೊಳಗೇ ಸಮಾಧಾನವಾಯಿತು.

ಆಮೇಲೆ ಅವನು ಆಗಾಗ ಬರತೊಡಗಿದ. ಗಿಡದ ಬುಡ ಕೆದಕಿ ಕೂದಲೆಳೆಯಂಥ ಬೇರು ತೆಗೆಯುತ್ತಿದ್ದ. ಯಾವಾಗಲೂ ತೊಟ್ಟಿಯ ಬಾಗಿಲ ಕಡೆಯ ತುದಿಯಲ್ಲೇ ಕೂರುತ್ತಿದ್ದ. ಕಚೇರಿಯ ಒಲೆ ಕೆಟ್ಟಿದೆ ಎಂದು ಒಂದು ದಿನ ಅಡುಗೆಮನೆಯಲ್ಲೇ ಬೇರು ಬೇಯಿಸಿದ. ಒಳಗಿನ ಶಿಲೀಂಧ್ರ ಎದ್ದು ಕಾಣಲೆಂದು, ಬೆಂದು ಬೆಳ್ಳಗಾದ ಬೇರನ್ನು ನೀಲಿ ಇಂಕು, ವಿನೆಗರ್ ಸೇರಿಸಿ ಕುದಿಸಿದ.

"ಬೇರಪ್ಪಾ! ಅದು ನನ್ನ ಹಾಲಿನ ಪಾತ್ರೆ!"

"ತೊಳೆದುಕೊಡ್ತೀನಿ ಅಮ್ಮಾ..."

"ತೊಳೆದು ನಿನ್ನ ತಲೆ ಮೇಲೆ ಇಟ್ಕೋ. ನಾಳೆಯಿಂದ ನೀಲಿ ಟೀ ಕುಡಿ!"

ಸಿಡುಕಿ ನಗು ತಡೆಯಲಾಗದೆ ಬಾಯಿಗೆ ಸೆರಗು ಹಿಡಿದಳು. ಬೂಷ್ಟಿನ ಡಬ್ಬಿ ತೆರೆದ ದಿನದಿಂದ ಅವಳು ನಕ್ಕಿರಲಿಲ್ಲ. ಅವನು ತಲೆ ಎತ್ತಿ ಅವಳನ್ನೇ ನೋಡಿದ. ನೋಡುತ್ತಲೇ ನಿಂತ. ಪಾತ್ರೆಯಲ್ಲಿದ್ದ ಇಂಕು ಉಕ್ಕಿ ಒಲೆಗೆಲ್ಲ ಸುರಿಯಿತು!

ಸೂಕ್ಷ್ಮದರ್ಶಕವನ್ನು ಮೇಜಿನ ಮೇಲೆ ಇಟ್ಟು ಅವಳನ್ನು ಕರೆದ. "ಬನ್ನಿ, ಒಂದ್ಸಲ ನೋಡಿ."

"ನನಗೆ ಬೂಷ್ಟು ನೋಡೋಕೆ ಆಗಲ್ಲ. ಹೊಟ್ಟೆ ತೊಳೆಸುತ್ತೆ."

"ಗೊತ್ತು. ಆದ್ರೂ ನೋಡಿ. ನಾನು ಇಲ್ಲೇ ಇರ್ತೀನಿ."

ಅವಳು ಉಸಿರು ಬಿಗಿಹಿಡಿದು ಬಗ್ಗಿದಳು. ಬೇರಿನ ಒಳಗೆ ನೀಲಿ ದಾರಗಳು ಓಡಾಡಿದ್ದವು. ಒಂದೊಂದು ಕೋಣೆಯಂಥ ಜಾಗದಲ್ಲಿ ಒಂದೊಂದು ಪುಟ್ಟ ಮರ... ಕೊಂಬೆ ಬಿಟ್ಟ, ಚಿಗುರಿದಂಥ ಮರ!

"ಅಯ್ಯೋ... ಎಷ್ಟು ಚೆನ್ನಾಗಿದೆ!"

"ಅಲ್ಲೇ ಕೊಟ್ಟು ತಗೊಳ್ಳೋದು. ಗಿಡ ಸಕ್ಕರೆ ಕೊಡುತ್ತೆ, ಅದು..."

ಅವಳು ತಲೆ ಎತ್ತಿದಳು. ಅವನ ಮುಖ ತೀರಾ ಹತ್ತಿರವಿತ್ತು. ಇಬ್ಬರೂ ಒಟ್ಟಿಗೇ ಹಿಂದೆ ಸರಿದು, ಅವನ ಮೊಣಕೈ ತಗುಲಿ ಸಕ್ಕರೆ ಡಬ್ಬಿ ನೆಲಕ್ಕೆ ಬಿತ್ತು. ಬಾಗಿಲಲ್ಲಿ ನಿಂತಿದ್ದ ಅಮ್ಮ ಏನೂ ಕಾಣದವಳಂತೆ ಬಟ್ಟೆ ಒಣಗಿಸಲು ಹೋದಳು. ಕೈಯಲ್ಲಿ ಬಟ್ಟೆಯೇ ಇರಲಿಲ್ಲ!

ಅಂದಿನಿಂದ ಸಿಡುಕಿಗೆ ಎರಡು ಚಿಂತೆ. ಬೆಳಗ್ಗೆ ಎದ್ದ ಕೂಡಲೇ ಎಲೆ ಹಳದಿಯಾಗಿದೆಯೇ ಎಂದು ನೋಡುವುದು ಮೊದಲನೆಯದು. ಇವತ್ತು ಅವನು ಬರುತ್ತಾನೋ ಇಲ್ಲವೋ ಎಂದು ಗೇಟಿನ ಕಡೆ ನೋಡುವುದು ಎರಡನೆಯದು. ಎರಡರಲ್ಲಿ ಯಾವುದು ಹೆಚ್ಚು ಜೀವ ಹಿಂಡುತ್ತಿತ್ತೋ, ಅವಳಿಗೇ ಗೊತ್ತಿರಲಿಲ್ಲ.

* * *

ಗಿಡಗಳು ಎದೆಯೆತ್ತರ ಬೆಳೆದು ಹಸಿರು ಕಾಯಿ ಕಚ್ಚಿದವು. ಅಷ್ಟರಲ್ಲಿ ಪಕ್ಕದವರು ಸತ್ತ ಗಿಡಗಳನ್ನೆಲ್ಲ ಕಿತ್ತು ನೆಲ ತೊಳೆದರು. ರೋಗದ ಮಣ್ಣು ಕಲೆತ ಆ ನೀರು ಗೋಡೆಯ ಬುಡದಿಂದ ಜಿನುಗಿ ಈಚೆ ಬಂತು. ತೊಟ್ಟಿಯ ಗೋಡೆ ಕಡೆಯ ತುದಿ ಇಡೀ ದಿನ ಅದರಲ್ಲಿ ನೆನೆಯಿತು. ಸಿಡುಕಿ ನೀರೆಲ್ಲ ಬಳಿದು ಹೊರಗೆ ಚೆಲ್ಲಿದಳು.

ಒಂದು ಬೆಳಗ್ಗೆ ಕಂಡೇಬಿಟ್ಟಿತು. ಗೋಡೆ ಪಕ್ಕದ ಗಿಡದಲ್ಲಿ ಒಂದು ಎಲೆ. ಅರ್ಧ ಹಸಿರು, ಅರ್ಧ ಹಳದಿ.

'ಬೇರಿಗೆ ಕಾವಲಿದೆಯಲ್ಲ... ಮತ್ತೆ ಹೇಗೆ ಬಂತು?' ಬೇರು ನೋಡೋಣವೆಂದು ಬೆರಳಲ್ಲೇ ಮಣ್ಣು ಕೆದಕಿದಳು. ಕೆದಕುತ್ತ, ಕೆದಕುತ್ತ ತೊಟ್ಟಿಯ ಮಧ್ಯಕ್ಕೆ ಬಂದಾಗ ಉಗುರಿಗೆ ಏನೋ ಗಟ್ಟಿಯಾಗಿ ತಗುಲಿತು.

ಹಲಗೆ.

ಮಣ್ಣಿನೊಳಗೆ, ತೊಟ್ಟಿಯನ್ನು ಎರಡು ಪಾಲು ಮಾಡಿ ನಿಲ್ಲಿಸಿದ ಅಡ್ಡಹಲಗೆ! ಯಾರು ಇಟ್ಟರು? ಯಾಕೆ?

ಓಡಿ ಹೋಗಿ ಅವನ ಕಚೇರಿಗೆ ಫೋನ್ ಮಾಡಿದಳು. ಅವನು ಹೊರಗೆ ಹೋಗಿದ್ದ. ಎತ್ತಿಕೊಂಡ ಹುಡುಗಿ ಉತ್ಸಾಹದಿಂದಲೇ ಹೇಳಿದಳು.

"ಓ, ಅಡ್ಡಹಲಗೆನಾ ಮೇಡಂ? ಅದು ಹೋಲಿಕೆಗೆ. ಒಂದು ಕಡೆ ಶಿಲೀಂಧ್ರ ಹಾಕೋದು, ಇನ್ನೊಂದು ಕಡೆ ಖಾಲಿ ಬಿಡೋದು. ಯಾವುದು ಸಾಯುತ್ತೆ ನೋಡ್ಬೇಕಲ್ಲ? ಸಾರ್ ಎಲ್ಲಾ ತೋಟದಲ್ಲೂ ಹಾಗೇ ಮಾಡ್ತಾರೆ."

ಯಾವುದು ಸಾಯುತ್ತೆ ನೋಡ್ಬೇಕಲ್ಲ...

ಸಿಡುಕಿ ಫೋನ್ ಕುಕ್ಕಿದಳು. ಹಾಗಾದರೆ ಅರ್ಧ ಗಿಡಗಳಿಗೆ ಏನೂ ಹಾಕಿಯೇ ಇಲ್ಲ! ಅವನು ಬಾಗಿಲ ಕಡೆಯ ಬೇರನ್ನೇ ತೆಗೆಯುತ್ತಿದ್ದುದು ಇದಕ್ಕೇ! ಆ ನೀಲಿ ಮರಗಳನ್ನು ತೋರಿಸಿ, ನಾನು ಇಲ್ಲೇ ಇರ್ತೀನಿ ಎಂದು ನಂಬಿಸಿ...

ಸಂಜೆ ಅವನು ಬಂದಾಗ ಅವಳು ಗೇಟಿನಲ್ಲೇ ತಡೆದಳು.

"ಹಲಗೆ ಇಟ್ಟಿದ್ದು ನೀವೇನಾ?"

ಅವನ ಮುಖ ಬಿಳಚಿಕೊಂಡಿತು. "ಹೌದು."

"ಆ ಕಡೆ ಗಿಡಗಳಿಗೆ ಏನೂ ಹಾಕಿಲ್ಲ?"

"ಇಲ್ಲ."

"ಯಾಕೆ? ಹೇಳಿ! ಹೋಲಿಕೆಗಾ? ನಮ್ಮಮ್ಮನ ಗಿಡ ನಿಮ್ಮ ಪರೀಕ್ಷೆಗೆ ಸಿಕ್ಕಿದ ಇಲಿಗಳಾ?"

ಅವನ ಕಣ್ಣು ಅವಳ ಭುಜದಾಚೆ, ಅಡುಗೆಮನೆಯ ಕಿಟಕಿಯ ಕಡೆ ಹೋಗಿ ಬಂತು.

"ಯಾಕೆ ಅಂತ ಹೇಳೋಕೆ ಆಗಲ್ಲ," ಎಂದ ಕೊನೆಗೆ.

"ಆಗಲ್ವಾ? ನಾನು ದಿನಾ ಬೆಳಗ್ಗೆ ಪ್ರಾಣ ಕೈಯಲ್ಲಿ ಹಿಡ್ಕೊಂಡು ಆ ಎಲೆಗಳನ್ನ ನೋಡ್ತಿದ್ದೆ. ನಿಮಗೆ ಗೊತ್ತಿತ್ತು! ಗೊತ್ತಿದ್ದೂ ನನ್ನ ಪಕ್ಕದಲ್ಲೇ ನಿಂತು ನಗ್ತಿದ್ರಿ..." ಅವಳ ದನಿ ಒಡೆಯಿತು. "ಹೋಗಿ. ಇನ್ನೊಂದ್ಸಲ ಈ ಗೇಟು ಮುಟ್ಬೇಡಿ!"

ಅವನು ಎರಡು ಹೆಜ್ಜೆ ಹೋಗಿ ತಿರುಗಿದ. "ಹಳದಿ ಎಲೆ ಗಿಡ ಮುಟ್ಟಿದ ಕೈಯಲ್ಲಿ ಬಾಗಿಲ ಕಡೆ ಗಿಡ ಮುಟ್ಬೇಡಿ. ದಯವಿಟ್ಟು."

ಅವಳು ಗೇಟನ್ನು ಧಡಾರನೆ ಮುಚ್ಚಿದಳು. ಆಮೇಲೆ ಅದಕ್ಕೇ ಒರಗಿ ಅತ್ತಳು. ಬೈದವಳೂ ಅವಳೇ, ಅತ್ತವಳೂ ಅವಳೇ. ಪ್ರೀತಿ ಆಗಿದ್ದರೆ ಹೀಗೇ ಅಲ್ಲವೇ!

* * *

ಆ ಗಿಡ ಮೊದಲು ಮಧ್ಯಾಹ್ನ ಮಾತ್ರ ಬಾಡುತ್ತಿತ್ತು, ಸಂಜೆಗೆ ಚೇತರಿಸಿಕೊಳ್ಳುತ್ತಿತ್ತು. ಆಮೇಲೆ ಸಂಜೆಗೂ ಏಳಲಿಲ್ಲ. ಪಕ್ಕದ ಗಿಡದ ಎಲೆಯೂ ಒಂದು ಮಗ್ಗುಲಿಗೆ ಹಳದಿ ತಿರುಗಿತು.

ಸಿಡುಕಿಗೆ ಊಟ ಸೇರಲಿಲ್ಲ. ಗಾಜಿನ ಮನೆಗೂ ಅಡುಗೆಮನೆಗೂ ಓಡಾಡಿ ಕಾಲು ಸವೆಸಿದಳು. ಹಲಗೆಯ ಈಚೆಯ ಗಿಡಗಳನ್ನು ಮುಟ್ಟುವ ಮುಂಚೆ ಚರ್ಮ ಸುಲಿಯುವಷ್ಟು ಕೈ ತೊಳೆದಳು. ಅವನ ಮಾತು ಕೇಳುತ್ತಿದ್ದೇನೆ ಎಂದು ಒಪ್ಪಿಕೊಳ್ಳಲು ಮಾತ್ರ ತಯಾರಿರಲಿಲ್ಲ.

"ಅವನನ್ನ ಕರೆಸು," ಎಂದಳು ಅಮ್ಮ.

"ಅವನ ಹೆಸರೆತ್ತಬೇಡ. ಅರ್ಧ ಗಿಡ ಸಾಯ್ಲಿ ಅಂತ ಬಿಟ್ಟವನು!"

ಅಮ್ಮ ಹೆಚ್ಚುತ್ತಿದ್ದ ಈರುಳ್ಳಿಯನ್ನು ಬದಿಗಿಟ್ಟಳು.

"ಅರ್ಧ ಬಿಡು ಅಂದಿದ್ದು ನಾನು ಕಣೇ."

"ಏನು?"

"ಬೂಷ್ಟು ಅಂದ್ರೆ ನೀನು ಬೆಚ್ಚಿಬೀಳ್ತಿದ್ದೆ. ಒಂದು ವೇಳೆ ಅವನ ಬೂಷ್ಟಿಂದಲೇ ಎಲ್ಲಾ ಹಾಳಾಗಿದ್ರೆ? ನೀನು ತಡ್ಕೊಳ್ತಿದ್ಯಾ? ನಿನ್ನ ಮುಖ ನೋಡಿ ನನಗೇ ಹೆದರಿಕೆ ಆಯ್ತು. ಅರ್ಧಕ್ಕೆ ಹಾಕು, ಅರ್ಧ ಹಾಗೇ ಇರಲಿ, ಯಾವುದಾದ್ರೂ ಒಂದು ಕಡೆ ಉಳೀಲಿ ಅಂದೆ. ನಿನಗೆ ಗೊತ್ತಾದ್ರೆ ನಿದ್ದೆ ಮಾಡಲ್ಲ ಅಂತ, ಹೇಳ್ಬೇಡ ಅಂತ ಅವನಿಂದ ಭಾಷೆ ತಗೊಂಡೆ."

ಸಿಡುಕಿ ಬಾಯಿ ತೆರೆದು ಕೂತುಬಿಟ್ಟಳು. ಗೇಟಿನಲ್ಲಿ ಅವನು ಕಿಟಕಿಯ ಕಡೆ ನೋಡಿದ್ದು ಈಗ ಅರ್ಥವಾಯಿತು.

"ಅಮ್ಮಾ! ನಾನು ಅವನಿಗೆ ಬಾಯಿಗೆ ಬಂದ ಹಾಗೆ ಬೈದಾಗ ನೀನು ಕಿಟಕೀಲಿ ನಿಂತಿದ್ಯಲ್ಲ!"

"ನಿಂತಿದ್ದೆ." ಅಮ್ಮ ಕಣ್ಣೊರೆಸಿಕೊಂಡಳು. "ಬೀಜದ ವಿಷಯದಲ್ಲಿ ನಿನ್ನನ್ನ ಬೈಬಾರ್ದು ಅಂತ ಎಷ್ಟು ಜೋಪಾನ ಮಾಡಿದೀನಿ ಗೊತ್ತಾ? ಈಗ ನೀನು ನನ್ನನ್ನ ಬೈತೀಯೇನೋ ಅಂತ ಹೆದರಿಕೆ ಆಯ್ತು. ಮಾತೇ ಹೊರಡ್ಲಿಲ್ಲ. ಈರುಳ್ಳಿ ಕಣೇ, ಅಳ್ತಿಲ್ಲ."

* * *

ಅವನ ಕೋಣೆ ಇದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮೇಲೆ. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಡಲು ಜಾಗವಿಲ್ಲ. ಕಿಟಕಿಯಲ್ಲಿ, ಕುರ್ಚಿಯ ಮೇಲೆ, ಹಾಸಿಗೆಯ ಅರ್ಧಭಾಗದಲ್ಲಿ ಜೋಳದ ಕುಂಡಗಳು. ಅವನು ಮಧ್ಯೆ ಕುಳಿತು ಬೇರು ಕತ್ತರಿಸುತ್ತಿದ್ದ.

ಅವಳನ್ನು ಕಂಡು ಎದ್ದು ನಿಂತ. ಕೈಯಲ್ಲಿ ಕತ್ತರಿ ಹಾಗೇ ಇತ್ತು.

"ಎಷ್ಟು ಗಿಡ ಹೋಯ್ತು?" ಎಂದ ಮೊದಲು.

"ಅಮ್ಮ ಎಲ್ಲಾ ಹೇಳಿದ್ಲು." ಅವಳಿಗೆ ಅವನ ಮುಖ ನೋಡಲಾಗಲಿಲ್ಲ. "ನೀವು ಯಾಕೆ ಹೇಳ್ಲಿಲ್ಲ? ಅಷ್ಟೆಲ್ಲ ಬೈಸ್ಕೊಂಡು..."

"ಭಾಷೆ ಕೊಟ್ಟಿದ್ದೆ." ಅವನು ಕತ್ತರಿ ಕೆಳಗಿಟ್ಟ. "ಆದ್ರೆ ನಾನು ಅಷ್ಟೇನೂ ಒಳ್ಳೆಯವನಲ್ಲ. ಸುಳ್ಳು ಹೇಳಲ್ಲ. ಅಮ್ಮ ಅರ್ಧ ಬಿಡು ಅಂದಾಗ, ಹೋಲಿಸಿ ನೋಡಬಹುದಲ್ಲ ಅಂತ ನನಗೂ ಆಸೆ ಆಯ್ತು. ಅದಕ್ಕೇ ಬೇಗ ಒಪ್ಪಿದೆ. ನೀವು ದಿನಾ ಆ ಎಲೆಗಳನ್ನ ಹೇಗೆ ನೋಡ್ತೀರಿ ಅಂತ ಕಂಡ ಮೇಲೆ... ಪ್ರತಿ ದಿನ ಅನಿಸ್ತಿತ್ತು, ಪೂರ್ತಿ ಹಾಕ್ಬೇಕಿತ್ತು ಅಂತ. ನೀವು ಬೈದದ್ದರಲ್ಲಿ ಅರ್ಧ ನನಗೆ ಸೇರಬೇಕಾದ್ದೇ."

ಅವಳಿಗೆ ಕೋಪ ಬರಬೇಕಿತ್ತು. ಬಂತು ಕೂಡ, ಒಂದು ಚೂರು. ಆದರೆ ಒಪ್ಪಿಕೊಂಡು ಹೀಗೆ ತಲೆ ತಗ್ಗಿಸಿ ನಿಂತವನನ್ನು ಏನು ಮಾಡುವುದು?

"ಉಳಿದ ಅರ್ಧಕ್ಕೆ ನಾನು ಕ್ಷಮೆ ಕೇಳ್ತೀನಿ," ಎಂದಳು. "ಈಗ ಬನ್ನಿ. ನನಗೆ ಒಬ್ಬಳಿಗೇ ಅಲ್ಲಿ ನಿಲ್ಲೋಕೆ ಆಗ್ತಿಲ್ಲ."

ಗಾಜಿನ ಮನೆಯಲ್ಲಿ ಅವನು ತೊಟ್ಟಿಯ ಉದ್ದಕ್ಕೂ ಬಗ್ಗಿ ನೋಡಿದ. ಗೋಡೆ ಕಡೆ ಎರಡು ಗಿಡ ಮುಗಿದಿದ್ದವು. ಅವುಗಳಿಂದ ಹಲಗೆಯವರೆಗೆ ಇದ್ದ ಗಿಡಗಳು ಹಸಿರಾಗಿ, ಗೊಂಚಲು ಗೊಂಚಲು ಕಾಯಿ ಹೊತ್ತು ನಿಂತಿದ್ದವು.

"ಇವಕ್ಕೂ ಈಗ ಶಿಲೀಂಧ್ರ ಹಾಕಿದ್ರೆ?" ಎಂದಳು ಅವಳು.

"ಅದು ಬೇರಲ್ಲಿ ನೆಲೆಯೂರೋಕೆ ವಾರಗಟ್ಟಲೆ ಬೇಕು. ರೋಗ ಕಾಯಲ್ಲ."

"ಮತ್ತೆ?"

ಅವನು ಆ ಗಿಡಗಳ ಎಲೆ ಮಗುಚಿ ನೋಡಿದ. ಕನ್ನಡಕ ತೆಗೆದ, ಹಾಕಿಕೊಂಡ.

"ಇವು ಉಳೀಬಹುದು," ಎಂದ. "ಅಥವಾ ಒಳಗೆ ಆಗಲೇ ರೋಗ ಇರಬಹುದು. ಇಲ್ಲೇ ಬಿಟ್ರೆ ಬಾಗಿಲ ಕಡೆ ಮಣ್ಣಿಗೂ..."

"ಬಹುದು, ಬಹುದು!" ಅವಳು ಕಿರುಚಿಬಿಟ್ಟಳು. "ನನಗೆ ಇನ್ನು ತಡೆಯೋಕೆ ಆಗಲ್ಲ. ನಾನು ಕಳ್ಕೊಂಡಿರೋದು ಸಾಕು. ಒಂದೇ ಒಂದು ಸಲ, ಬಹುದು ಅನ್ನದೆ ಹೇಳಿ. ಏನು ಮಾಡ್ಲಿ?"

ಅವನ ಹಣೆಯಲ್ಲಿ ಬೆವರು ಮೂಡಿತು. ತಪ್ಪಾದರೆ ಈ ಹುಡುಗಿಯ ಅಮ್ಮನ ಅರ್ಧ ಆಯುಸ್ಸು ಅವನ ಬಾಯಿಂದಲೇ ಹೋಗುತ್ತದೆ. ಅದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

"ಕೀಳಿ," ಎಂದ. "ಹಲಗೆಯ ಆಚೆ ಇರೋದೆಲ್ಲ. ಇವತ್ತೇ. ಮಣ್ಣು ಸಮೇತ ಆಚೆ ಹಾಕೋಣ."

"ಹಸಿರಾಗಿರೋದನ್ನೂ?"

"ಹಸಿರಾಗಿರೋದನ್ನೂ."

ಅವಳು ಹಲಗೆಗೆ ತೀರಾ ಹತ್ತಿರದ ಗಿಡದ ಮುಂದೆ ನಿಂತಳು. ಎಷ್ಟು ಚೆಂದದ ಗಿಡ! ಕಾಂಡ ಹಿಡಿದಳು, ಎಳೆಯಲಾಗಲಿಲ್ಲ. ಆಗ ಅವನ ಕೈ ಅವಳ ಕೈ ಪಕ್ಕದಲ್ಲಿ ಕಾಂಡವನ್ನು ಹಿಡಿಯಿತು.

ಇಬ್ಬರೂ ಸೇರಿ ಎಳೆದರು.

ಅವನು ಚಾಕುವಿನಿಂದ ಕಾಂಡವನ್ನು ಉದ್ದಕ್ಕೆ ಸೀಳಿದ. ಒಳಗೆ ಬುಡದಿಂದ ಮೇಲಕ್ಕೆ ಕಂದು ಬಣ್ಣದ ಗೆರೆ ಏರಿತ್ತು. ಹೊರಗೆ ಒಂದು ಎಲೆಯೂ ಹಳದಿಯಿಲ್ಲದ ಆ ಗಿಡ ಒಳಗೆ ಆಗಲೇ ಸೋತಿತ್ತು.

ಅವಳು ಅಲ್ಲೇ ಕುಸಿದು ಕೂತು ಜೋರಾಗಿ ಅತ್ತಳು. ಅವನು ಪಕ್ಕದಲ್ಲಿ ಕೂತ. ಅಳಬೇಡ ಎನ್ನಲಿಲ್ಲ. ಅವನ ಕಣ್ಣೂ ಒದ್ದೆಯಾಗಿತ್ತು.

* * *

ಇನ್ನು ಉಳಿದದ್ದು ಕಾಯುವ ಕೆಲಸ. ಅದರಂಥ ಹಿಂಸೆ ಇನ್ನೊಂದಿಲ್ಲ!

ಅವನು ದಿನಾ ಕಚೇರಿಗೆ ಹೋಗುವ ಮುಂಚೆ ಒಮ್ಮೆ, ಮುಗಿಸಿ ಒಮ್ಮೆ ಬಂದ. ಅಮ್ಮ ಅವನಿಗೆಂದೇ ಒಂದು ಹಳೆಯ ಪಾತ್ರೆ ಎತ್ತಿಟ್ಟಳು. ಕಾಯಿಗಳು ನಿಧಾನವಾಗಿ ಬೆಳ್ಳಗಾದವು, ಆಮೇಲೆ ತುದಿಯಲ್ಲಿ ಜೇನಿನ ಬಣ್ಣ ಇಣುಕಿತು.

ಹಣ್ಣು ಇನ್ನೇನು ಕೈಗೆ ಬಂತು ಎನ್ನುವಾಗ, ಉಳಿದ ಗಿಡಗಳಲ್ಲಿ ಒಂದರ ಕೆಳಗಿನ ಎಲೆ ಒಂದು ಮಗ್ಗುಲಿಗೆ ಹಳದಿಯಾಯಿತು.

ಸಿಡುಕಿ ಕೂಗಲಿಲ್ಲ, ಸಿಡುಕಲಿಲ್ಲ. ಸುಮ್ಮನೆ ಅವನ ತೋಳು ಹಿಡಿದು ಆ ಎಲೆಯನ್ನು ತೋರಿಸಿದಳು.

"ರೋಗ ಒಳಗೆ ಬಂದಿದೆ," ಎಂದ ಅವನು. "ಈಗ ಅದು ಆ ಬೇರುಗಳ ಕೆಲಸ. ನಮ್ಮ ಕೈಯಲ್ಲಿ ಏನಿಲ್ಲ."

ಅವತ್ತು ಇಬ್ಬರೂ ಗಾಜಿನ ಮನೆ ಬಿಟ್ಟು ಕದಲಲಿಲ್ಲ. ಮಧ್ಯಾಹ್ನದ ಬಿಸಿಲು ಏರಿತು. ಗಿಡ ಬಾಗುತ್ತದೆ, ಈಗ ಬಾಗುತ್ತದೆ ಎಂದು ಅವಳು ಉಸಿರು ಹಿಡಿದು ನೋಡಿದಳು. ಗಿಡ ಬಾಗಲಿಲ್ಲ. ಮರುದಿನವೂ ಬಾಗಲಿಲ್ಲ. ಹಳದಿ ಎಲೆ ಒಣಗಿ ಉದುರಿತು. ಅದರ ಮೇಲಿನ ಎಲೆ ಹಸಿರಾಗಿಯೇ ಇತ್ತು. ಅದರ ಮೇಲೆ ಹೊಸ ಚಿಗುರು ಬಂತು!

ರೋಗ ಹೊಕ್ಕು, ಒಂದು ಎಲೆ ಕಿತ್ತುಕೊಂಡು, ಅಲ್ಲೇ ನಿಂತುಬಿಟ್ಟಿತ್ತು.

ಹಣ್ಣಾದ ದಿನ ಅಮ್ಮನೇ ಮೊದಲ ಹಣ್ಣನ್ನು ಕೊಯ್ದಳು. ಬೀಜವನ್ನು ನೀರಲ್ಲಿ ನೆನೆಹಾಕಿ, ಲೋಳೆ ಬಿಡಿಸಿ, ತೊಳೆದು, ಬಿಳಿ ಬಟ್ಟೆಯ ಮೇಲೆ ಹರವಿದರು. ಎಲ್ಲ ಗಿಡಗಳದೂ ಸೇರಿ ಬಟ್ಟೆ ತುಂಬ ಬೀಜ. ಅಮ್ಮ ನಡುಗುವ ಬೆರಳಲ್ಲಿ ಅವನ್ನು ಸವರಿ, ಮಗಳ ಕೆನ್ನೆ ಸವರಿ, ಏನೂ ಹೇಳದೆ ಒಳಗೆ ಹೋದಳು. ಹೋಗುವಾಗ ಬಾಗಿಲನ್ನು ಎಳೆದುಕೊಂಡು ಹೋದಳು. ಜಾಣೆ!

ಅವನು ಬಟ್ಟೆಯ ಆಚೆ ಬದಿ ಕೂತಿದ್ದ. ಈಚೆ ಬದಿ ಅವಳು.

"ನನ್ನ ಕೆಲಸ ಇಲ್ಲಿಗೆ ಮುಗೀತು," ಎಂದ. "ಇನ್ನು ದಿನಾ ಬರೋಕೆ ಕಾರಣ ಇಲ್ಲ."

ಬೀಜ ಹರವುತ್ತಿದ್ದ ಅವಳ ಕೈ ನಿಂತಿತು. "ಇಲ್ವಾ?"

"ಅದಕ್ಕೇ ಕೇಳ್ತಿದೀನಿ." ಅವನ ಕಿವಿ ಕೆಂಪಾಗಿತ್ತು. "ಕಾರಣ ಇಲ್ದೆ ಬರ್ಲಾ? ನಿನ್ನನ್ನ ನೋಡೋಕೆ. ನೀನು ಪೈಪ್ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದಾಗಿಂದ ನನಗೆ ನೀನು ಇಷ್ಟ. ಈ ಮಾತಲ್ಲಿ ನನಗೆ ಅನುಮಾನನೇ ಇಲ್ಲ."

ನೀವು ಹೋಗಿ ನೀನು ಬಂದದ್ದು ಅವನ ಗಮನಕ್ಕೆ ಬರಲಿಲ್ಲ. ಅವಳ ಗಮನಕ್ಕೆ ಬಂತು. ಕಣ್ಣು ತುಂಬಿ ಬಂತು.

"ನನಗೂ ಇಷ್ಟ. ತುಂಬಾ," ಎಂದಳು. "ಆದ್ರೆ ನಾನು ಹೀಗೇ ಕಣೋ. ಬೀಜ ಸಿಕ್ತು, ಆದ್ರೂ ಹೆದರಿಕೆ ಹೋಗಿಲ್ಲ. ನಾಳೆ ಎದ್ದು ಮತ್ತೆ ಎಲೆ ನೋಡ್ತೀನಿ. ನಾಡಿದ್ದೂ ನೋಡ್ತೀನಿ. ನಿನಗೆ ಸಾಕಾಗಿಬಿಡುತ್ತೆ."

"ನನಗೂ ಹೆದರಿಕೆನೇ. ಒಬ್ಬಳೇ ಯಾಕೆ ಹೆದರ್ತೀಯಾ?"

ಅವಳು ಅಳುತ್ತಲೇ ನಕ್ಕಳು. ಬೀಜಗಳಿಗೆ ತಾಗದಂತೆ ಬಟ್ಟೆಯ ಅಂಚಿನಿಂದ ಸುತ್ತಿ ಬಂದು ಅವನ ಪಕ್ಕದಲ್ಲಿ ಕೂತಳು. ಅವನು ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ನಾಳೆ ಇನ್ನೊಂದು ಎಲೆ ಹಳದಿ ಆದ್ರೆ?"

"ನನ್ನನ್ನ ಕರಿ."

"ಆಗದೇ ಇದ್ರೆ?"

"ಆಗ್ಲೂ ಕರಿ."